ಬಿ ಸೈಡಿನಲ್ಲಿ ನಸೀಮ

ನನ್ನ ಮಗಳು ಮೂಗಿಯಲ್ಲ ಎಂದು ಹೇಳಿ ಹೇಳಿ ಒಂದು ಕಾಲದಲ್ಲಿ ನನ್ನ ಬಾಯಿ ಒಣಗುತ್ತಿತ್ತು. ಮದುವೆ ಮನೆಯಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಹೇಳಿದ್ದೇನೆ, ಮೀನು ಹೊತ್ತು ತರುವವಳ ಬುಟ್ಟಿಯ ಮುಂದೆ ಕುಳಿತು ಹೇಳಿದ್ದೇನೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಮೂಗಿಯೇ ಆಗಿದ್ದರೂ ಅವಳು ನನ್ನ ಮಗಳೇ ಆಗಿರುತ್ತಿದ್ದಳು. ಅದನ್ನು ಆ ದಿನಗಳಲ್ಲೇ ಎದೆ ಸೆಟೆಸಿ ಹೇಳಬೇಕಿತ್ತು, ಹೇಳಲಿಲ್ಲ ಎಂಬ ಸಿಟ್ಟು ನನ್ನ ಮೇಲೆ ನನಗೆ ಇನ್ನೂ ಇದೆ.

ಮೊನ್ನೆ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಒಬ್ಬಳು ಎಳೆಯ ತಾಯಿಯನ್ನು ಕಂಡೆ. ಸೊಂಟದಲ್ಲಿ ಎರಡೂವರೆ ವರ್ಷದ ಗಂಡು ಮಗು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮಗುವಿನ ಗಲ್ಲ ಹಿಡಿದು, "ನಿನ್ನ ಹೆಸರು ಎಂತ ಪುಟ್ಟಾ?" ಎಂದರು. ಮಗು ಅವರ ಬಳೆ ನೋಡುತ್ತಿತ್ತು. ತಾಯಿ ಅವಸರದಲ್ಲಿ, "ಅವನಿಗೆ ಜ್ವರ ಉಂಟು ಅಜ್ಜಿ, ಹಾಗೆ ಮಾತಾಡುದಿಲ್ಲ" ಎಂದಳು. ಮಗುವಿಗೆ ಜ್ವರ ಇರಲಿಲ್ಲ. ಆ ಸುಳ್ಳು ನನಗೆ ಗುರುತಿದೆ, ನಾನೂ ಅದನ್ನು ಹೇಳಿದ್ದೇನೆ, ಅದಕ್ಕಿಂತ ದೊಡ್ಡದನ್ನೂ ಹೇಳಿದ್ದೇನೆ. ಹತ್ತಿರ ಹೋಗಿ ಮಾತಾಡಿಸುವ ಎನ್ನುವಷ್ಟರಲ್ಲಿ ಅವಳ ಬಸ್ಸು ಬಂತು. ಅವಳಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಬಂಟ್ವಾಳ ಪೇಟೆಯಿಂದ ಸ್ವಲ್ಪ ಒಳಗೆ ನನ್ನ ಗಂಡನ ಮನೆ. ನಾವು ಬ್ಯಾರಿಗಳು. ನಮ್ಮವರು, ಎಂದರೆ ನನ್ನ ಗಂಡ, ಸೌದಿಯ ದಮ್ಮಾಮಿನ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದರು. ನಸೀಮ ಮೂರು ತಿಂಗಳ ಕೂಸಾಗಿದ್ದಾಗ ಹೋದವರಿಗೆ ಮುಂದಿನ ರಜೆ ಮೂರು ವರ್ಷದ ಮೇಲೆ. ಮನೆಯಲ್ಲಿ ಇದ್ದವರೆಲ್ಲ ಹೆಂಗಸರೇ: ನಾವು ಮಾಮಿ ಎಂದು ಕರೆಯುವ ನನ್ನ ಅತ್ತೆ, ನಾದಿನಿ ಜೊಹರಾ, ಅವಳ ಮಗಳು ರಮ್ಲ, ಮತ್ತೆ ನಾನು, ನಸೀಮ. ರಮ್ಲ ನಸೀಮಳಿಗಿಂತ ಹದಿನೆಂಟು ದಿನ ದೊಡ್ಡವಳು. ಈ ಹದಿನೆಂಟು ದಿನ ನನ್ನ ಬದುಕಿನಲ್ಲಿ ಎಷ್ಟು ದೊಡ್ಡದಾಯಿತು ಎಂದರೆ, ಎರಡು ವರ್ಷವಾಗುವಾಗ ರಮ್ಲ ಇಡೀ ಮನೆಗೆ ಆರ್ಡರ್ ಮಾಡುತ್ತಿದ್ದಳು, ನಸೀಮ ಒಂದು ಶಬ್ದವನ್ನೂ ಆಡುತ್ತಿರಲಿಲ್ಲ.

ಅವಳು ಅಳುತ್ತಿದ್ದಳು, ನಗುತ್ತಿದ್ದಳು, ಬಾಗಿಲು ತಟ್ಟಿದರೆ ಓಡಿಹೋಗಿ ನೋಡುತ್ತಿದ್ದಳು. ಮಾತು ಮಾತ್ರ ಇಲ್ಲ. ಮೊದಮೊದಲು ಎಲ್ಲರೂ ಸಮಾಧಾನ ಹೇಳಿದರು. ಆಮೇಲೆ ಎಲ್ಲರೂ ಮದ್ದು ಹೇಳಿದರು. ಬಜೆ ತೇದು ಜೇನಿನಲ್ಲಿ ನಾಲಗೆಗೆ ಹಚ್ಚಿದ್ದಾಯಿತು. ಮಸೀದಿಯ ಉಸ್ತಾದರು ಕುರಾನಿನ ಸಾಲು ಓದಿ ಊದಿದ ನೀರು ಕೊಟ್ಟರು, ಕೊಡುವಾಗ, "ಇದನ್ನು ಕುಡಿಸು, ಡಾಕ್ಟ್ರಲ್ಲಿಗೂ ಹೋಗು. ಒಂದು ಮಾಡಿದ್ರೆ ಇನ್ನೊಂದು ಬೇಡ ಅಂತ ಇಲ್ಲ" ಎಂದರು. ಆ ದಿನಗಳಲ್ಲಿ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ. ನೆರೆಮನೆಯ ಒಬ್ಬರು, "ಹೆಣ್ಣಿಗೆ ಮಾತು ಕಮ್ಮಿ ಆದ್ರೆ ಒಳ್ಳೇದೇ ಅಲ್ಲವಾ, ಗಂಡನ ಮನೆಯಲ್ಲಿ ಸುಖ" ಎಂದರು. "ಹಾಗಾದ್ರೆ ನಿಮ್ಮ ಸೊಸೆಗೆ ಮಾತು ಬರುದು ನಿಮಗೆ ತುಂಬ ಕಷ್ಟ ಆಗಿರ್ಬೇಕು" ಎಂದೆ. ಅವರು ಆರು ತಿಂಗಳು ನಮ್ಮ ಮನೆಗೆ ಬರಲಿಲ್ಲ. ನನಗೆ ಅದರಿಂದ ಏನೂ ನಷ್ಟವಾಗಲಿಲ್ಲ.

ಈಗಿನವರಿಗೆ ಕ್ಯಾಸೆಟ್ಟಿನ ವಿಷಯ ಹೇಳಬೇಕು. ಗಲ್ಫಿನಲ್ಲಿದ್ದವರಿಗೆ ನಾವು ಪತ್ರಕ್ಕಿಂತ ಹೆಚ್ಚಾಗಿ ಕ್ಯಾಸೆಟ್ ಕಳಿಸುತ್ತಿದ್ದೆವು. ಊರಿನ ಯಾರಾದರೂ ರಜೆ ಮುಗಿಸಿ ಹೊರಟರೆ ಸಾಕು, ಉಪ್ಪಿನಕಾಯಿ ಭರಣಿಯ ಜೊತೆಗೆ ಒಂದು ಕ್ಯಾಸೆಟ್ಟೂ ಹೋಗುತ್ತಿತ್ತು. ಮಧ್ಯಾಹ್ನದ ನಮಾಜು ಮುಗಿಸಿ, ಕಿಟಕಿ ಮುಚ್ಚಿ, ಟೇಪ್ ರೆಕಾರ್ಡರಿನ ಸುತ್ತ ಎಲ್ಲರೂ ಕೂರುವುದು. ಮಾಮಿ ಸಲಾಂ ಹೇಳಿ ಊರಿನ ಸಾವು, ಮದುವೆ, ಹೆರಿಗೆ ಎಲ್ಲ ಒಪ್ಪಿಸುವುದು. ಹಿಂದಿನಿಂದ ಕೋಳಿ ಕೂಗಿದರೆ ಅದೂ ಹೋಗುತ್ತಿತ್ತು. ಅಲ್ಲಿ ಅವರು ಕೇಳಿ, ಅದೇ ಕ್ಯಾಸೆಟ್ಟಿನ ಮೇಲೆ ತಮ್ಮ ಮಾತು ತುಂಬಿಸಿ ಹಿಂದಕ್ಕೆ ಕಳಿಸುತ್ತಿದ್ದರು. ಅಳಿಸಿ ಬರೆಯುವ ಸ್ಲೇಟು ಇದ್ದ ಹಾಗೆ. ಯಾವುದನ್ನಾದರೂ ಅಳಿಸಬಾರದು ಎಂದಿದ್ದರೆ ಅದಕ್ಕೊಂದು ಉಪಾಯವಿತ್ತು. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ, ಒಂದೊಂದು ಸೈಡಿಗೆ ಒಂದೊಂದು. ಹಲ್ಲು ಮುರಿದುಬಿಟ್ಟರೆ ಆ ಸೈಡಿಗೆ ಮತ್ತೆ ರೆಕಾರ್ಡ್ ಆಗುವುದಿಲ್ಲ.

ನಸೀಮಳಿಗೆ ಎರಡು ತುಂಬಿದ ಮೇಲೆ ನಮ್ಮವರು ಪ್ರತಿ ಕ್ಯಾಸೆಟ್ಟಿನಲ್ಲಿ ಕೇಳತೊಡಗಿದರು: "ಮಗಳ ಸ್ವರ ಒಂದು ಹಾಕಿ ಕಳಿಸಿ. ಇಲ್ಲಿ ರೂಮಿನಲ್ಲಿ ಎಲ್ಲರೂ ಅವರವರ ಮಕ್ಕಳ ಸ್ವರ ಕೇಳಿಸ್ತಾರೆ." ಆ ಸಲ ಕ್ಯಾಸೆಟ್ ತುಂಬಿಸಲು ಕುಳಿತಾಗ ನಾನು ನಸೀಮಳನ್ನು ತೊಡೆಯಲ್ಲಿ ಕೂರಿಸಿ, ಅಪ್ಪನನ್ನು ಕರೆ, ಉಪ್ಪಾ ಅನ್ನು, ಉಪ್ಪಾ ಅನ್ನು ಎಂದು ಗೋಗರೆದೆ. ಅವಳು ಟೇಪ್ ರೆಕಾರ್ಡರಿನ ಕೆಂಪು ದೀಪವನ್ನೇ ನೋಡುತ್ತಿದ್ದಳು. ಆಗ ಮಾಮಿ ರಮ್ಲಳನ್ನು ಎಳೆದು ಮುಂದೆ ಕೂರಿಸಿದರು.

"ಇವಳು ಹೇಳ್ಲಿ. ಮಕ್ಕಳ ಸ್ವರ ಎಲ್ಲ ಒಂದೇ. ಅವನಿಗೆ ಎಂತ ಗೊತ್ತಾಗ್ತದೆ?"

"ಮಾಮಿ, ಅದು ಸುಳ್ಳಾಗ್ತದೆ."

"ಅವನು ಅಲ್ಲಿ ಒಬ್ಬನೇ ಇರುದು ಮೈಮೂನ. ನಿಜ ಗೊತ್ತಾದ್ರೆ ಅವನಿಗೆ ಊಟ ಇಳೀಲಿಕ್ಕಿಲ್ಲ. ಇವಳು ಮಾತಾಡಿದ ಮೇಲೆ ಹೇಳುವ, ಎಂತ ಅವಸರ?"

ಮಾಮಿಯ ಕಣ್ಣಲ್ಲಿ ನೀರಿತ್ತು. ನಾನು ನಸೀಮಳನ್ನು ತೊಡೆಯಿಂದ ಇಳಿಸಿದೆ. ರಮ್ಲ ಮುದ್ದುಮುದ್ದಾಗಿ, "ಉಪ್ಪಾ, ನನಗೆ ಗೊಂಬೆ ತನ್ನಿ, ನಾನು ನಸೀಮ" ಎಂದಳು. ಅವಳಿಗೆ ಅದೊಂದು ಆಟ. ಗುಂಡಿ ಒತ್ತಿದ ಬೆರಳು ನನ್ನದು. ಯಾರ ಮೇಲೆ ಎಷ್ಟೇ ಹಾರಾಡಿದರೂ ಆ ಬೆರಳನ್ನು ನಾನು ಇನ್ನೊಬ್ಬರ ಕೈಗೆ ಅಂಟಿಸುವಂತಿಲ್ಲ.

ಎರಡು ತಿಂಗಳ ಮೇಲೆ ಅದೇ ಕ್ಯಾಸೆಟ್ ಹಿಂದಕ್ಕೆ ಬಂತು. ನಮ್ಮವರು ಬಿ ಸೈಡಿನಲ್ಲಿ ಮಾತಾಡಿದ್ದರು: "ಎ ಸೈಡ್ ಅಳಿಸ್ಬೇಡಿ, ಮಗಳ ಸ್ವರ ಉಂಟು. ನಾನು ಹಲ್ಲು ಮುರಿದಿದ್ದೇನೆ. ಬಿ ಸೈಡಿನಲ್ಲಿ ಹೊಸತು ತುಂಬಿಸಿ ಕಳಿಸಿ, ಎ ಹಾಗೇ ಇರ್ಲಿ. ರೂಮಿನವರೆಲ್ಲ ಎಷ್ಟು ಸಲ ಕೇಳಿದ್ರು ಗೊತ್ತುಂಟಾ." ನಾನು ಕ್ಯಾಸೆಟ್ ತಿರುಗಿಸಿ ನೋಡಿದೆ. ಒಂದು ಕಡೆ ಹಲ್ಲಿನ ಜಾಗದಲ್ಲಿ ತೂತು. ಅವಳ ಅಪ್ಪನ ಕಿವಿಯಲ್ಲಿ ನನ್ನ ಮಗಳ ಜಾಗದಲ್ಲಿ ಬೇರೆ ಮಗು ಕೂತಾಗಿತ್ತು, ಕೂರಿಸಿದವಳು ನಾನು. ಬೇರೆ ಕ್ಯಾಸೆಟ್ಟುಗಳು ಹೋದವು, ಬಂದವು. ಅದನ್ನು ಮಾತ್ರ ಬೀರುವಿನಲ್ಲಿ ಬಟ್ಟೆಗಳ ಅಡಿಗೆ ತಳ್ಳಿದೆ.

ಮಂಗಳೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಹೊರಗಿನ ಬೆಂಚಿನಲ್ಲಿ ನಾವು ಎಂಟು ಹತ್ತು ತಾಯಂದಿರಿದ್ದೆವು. ಒಬ್ಬರು ಇನ್ನೊಬ್ಬರ ಮಗುವನ್ನು ಕದ್ದು ನೋಡುತ್ತಿದ್ದೆವು, ತಮ್ಮ ಮಗುವಿಗಿಂತ ಜಾಸ್ತಿಯೋ ಕಮ್ಮಿಯೋ ಎಂದು. ಅಷ್ಟು ಕೆಟ್ಟ ಬೆಂಚಿನಲ್ಲಿ ನಾನು ಮತ್ತೆ ಎಂದೂ ಕೂತಿಲ್ಲ. ಕಿವಿ ಸರಿ ಇದೆ, ಮಾತು ತಡವಾಗಿದೆ, ಕಲಿಸಬೇಕು ಎಂದರು. ಕಿವಿ ಸರಿ ಇದೆ ಎಂದಾಗ ಅತ್ತುಬಿಟ್ಟೆ. ಕಲಿಸುವವರು ಮೂಡಬಿದಿರೆಯಲ್ಲಿ ವಾರಕ್ಕೆರಡು ದಿನ ಬರುತ್ತಾರೆ, ನಿಮಗೆ ಅದೇ ಅನುಕೂಲ ಎಂದು ಚೀಟಿ ಬರೆದುಕೊಟ್ಟರು.

ಚೀಟಿ ಹಿಡಿದು ಹೊರಗೆ ಬಂದರೆ, ಎಲ್ಲ ಬಲ್ಲವರೊಬ್ಬರು ನನ್ನನ್ನು ತಡೆದು, ಮನೆಯಲ್ಲಿ ಎಷ್ಟು ಭಾಷೆ ಎಂದು ಕೇಳಿದರು. ಒಳಗೆ ಬ್ಯಾರಿ, ಅಂಗಳದಲ್ಲಿ ತುಳು, ರೇಡಿಯೊದಲ್ಲಿ ಕನ್ನಡ ಎಂದೆ. "ಅದೇ ನೋಡಿ! ಮಗುವಿಗೆ ಗೊಂದಲ. ಒಂದೇ ಭಾಷೆ ಮಾತಾಡಿ, ಶಾಲೆಗೆ ಬೇಕಾದ್ದು" ಎಂದರು. ನಾನು ನಂಬಿದೆ. ಪಿಯುಸಿ ಓದಿದವಳು ಎಂಬ ಜಂಭ ಬೇರೆ. ಮನೆಯಲ್ಲಿ ಕಾನೂನು ಮಾಡಿದೆ: ನಸೀಮಳ ಎದುರು ಕನ್ನಡವೇ. ನಮಗೆ ಗೊತ್ತಿದ್ದ ಕನ್ನಡ ಪಾಠಪುಸ್ತಕದ್ದು. "ನಸೀಮಾ, ನೀನು ಗಂಜಿಯನ್ನು ಊಟ ಮಾಡು" ಎಂದು ಜೊಹರಾ ಹೇಳಿದರೆ ಅವಳಿಗೇ ನಗು. ಮಾಮಿಗೆ ಕನ್ನಡವೆಂದರೆ ಬಸ್ಸಿನ ಬೋರ್ಡು. ಅವರು ಮೊಮ್ಮಗಳ ಎದುರು ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಎರಡು ತಿಂಗಳು ನಮ್ಮ ಮನೆಯಲ್ಲಿ ಮಾತಾಡದವರು ಒಬ್ಬರಲ್ಲ, ಇಬ್ಬರಾದರು.

ಮೂಡಬಿದಿರೆಗೆ ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯಾಗಿ ಬಸ್ಸು. ಪೇಟೆಯೊಳಗೆ ಟೈಲರ್ ಅಂಗಡಿಯ ಮಾಳಿಗೆಯಲ್ಲಿ ಎರಡು ಕೋಣೆ: ಒಂದು ಕಾಯುವುದಕ್ಕೆ, ಇನ್ನೊಂದರಲ್ಲಿ ಐರಿನ್ ಟೀಚರ್. ಅವರು ಕೊಂಕಣಿಯವರು, ನಲವತ್ತರ ಆಸುಪಾಸು, ದಪ್ಪ ಕನ್ನಡಕ. ನನ್ನ ಭಾಷೆಯ ಕಾನೂನು ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮನೆಯಲ್ಲಿ ಯಾವ ಭಾಷೆಯಲ್ಲಿ ಜಗಳ ಮಾಡ್ತೀರಿ ಅಮ್ಮಾ?"

"ಬ್ಯಾರಿಯಲ್ಲಿ."

"ಹಾಗಾದ್ರೆ ಅದರಲ್ಲೇ ಮಗುವಿನ ಹತ್ರ ಮಾತಾಡಿ. ಅಜ್ಜಿಯ ಬಾಯಿ ಮುಚ್ಚಿಸಿ ಮೊಮ್ಮಗಳ ಬಾಯಿ ಬಿಡಿಸ್ಲಿಕ್ಕೆ ಆಗ್ತದಾ?"

ಆಮೇಲೆ ಅವರು ಒಂದು ಗಾಜಿನ ಭರಣಿಯಲ್ಲಿ ಬಿಸ್ಕೆಟ್ ಹಾಕಿ, ಮುಚ್ಚಳ ಬಿಗಿದು, ನಸೀಮಳ ಮುಂದೆ ಇಟ್ಟರು. ನಸೀಮ ಭರಣಿ ನೋಡಿದಳು, ನನ್ನನ್ನು ನೋಡಿದಳು. ನನ್ನ ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು. ಟೀಚರ್ ಕೈಯ ಮೇಲೆ ಮೆಲ್ಲಗೆ ಹೊಡೆದರು.

"ಇದೇ ನಿಮ್ಮ ಕಾಯಿಲೆ. ಅವಳು ಕೇಳುವ ಮೊದಲೇ ಕೊಡುದು. ಅವಳಿಗೆ ಕೇಳ್ಲಿಕ್ಕೆ ಜಾಗ ಎಲ್ಲಿ ಉಂಟು? ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಹತ್ತು ಆಗುವವರೆಗೆ ಅಲ್ಲಾಡ್ಬೇಡಿ."

ಹೌದು, ನಮ್ಮ ಮನೆಯಲ್ಲಿ ಹೆಂಗಸರ ಆರು ಕೈ. ಮಗು ತಲೆ ತಿರುಗಿಸಿದ ಕಡೆಗೆ ನೀರು, ಬೆಲ್ಲ, ಚೆಂಡು ಬಂದು ಬೀಳುತ್ತಿತ್ತು. ಕಾಯುವುದು ಎಷ್ಟು ಕಷ್ಟ ಎಂದು ಹೆತ್ತವರಿಗೆ ಮಾತ್ರ ಗೊತ್ತು. ಟೀಚರ್ ಭರಣಿಯ ಮೇಲೆ ಎರಡು ಸಲ ತಟ್ಟಿ ತೋರಿಸಿದರು, ಆಮೇಲೆ ಮುಚ್ಚಳ ತೆರೆದರು. ಎರಡು ತಟ್ಟು ಅಂದರೆ, ಬೇಕು. ಮತ್ತೆ ಎರಡು ತಟ್ಟು ಅಂದರೆ, ಇನ್ನೂ ಬೇಕು. ಐದು ವಾರ ನಸೀಮ ತಟ್ಟಲಿಲ್ಲ. ಭರಣಿಯನ್ನು ಉರುಳಿಸಿದಳು, ನೆಲಕ್ಕೆ ಬಿದ್ದು ಹೊರಳಿದಳು, ನನ್ನನ್ನು ಕಚ್ಚಿದಳು. ಆರನೆಯ ವಾರ ಒಂದು ದಿನ, ನಾನು ಎಂಟು ಎಣಿಸಿದಾಗ, ಅಂಗೈಯಿಂದ ಮುಚ್ಚಳದ ಮೇಲೆ ತಟ್ಟಿದಳು. ಎರಡು ಸಲ. ತಟ್ಟಿ ನನ್ನ ಮುಖ ನೋಡಿದಳು. ಆ ನೋಟದಲ್ಲಿ, ನಿನಗೆ ಅರ್ಥ ಆಯಿತಾ ಎಂಬ ಪ್ರಶ್ನೆ ಇತ್ತು. ನಾನು ಅವಳ ಮುಖವನ್ನೇ ನೋಡುತ್ತ ಕುಳಿತೆ, ಮುಚ್ಚಳ ತೆರೆಯುವುದೇ ಮರೆತುಹೋಯಿತು. ಟೀಚರೇ ತೆರೆದರು.

ಹೊರಗಿನ ಕೋಣೆಯಲ್ಲಿ ನನಗೆ ಸಿಕ್ಕಿದವಳು ಗಿರಿಜಾ. ಬೆಳ್ತಂಗಡಿಯಿಂದ ಆಚೆ ಗುಡ್ಡದ ಬದಿಯ ಊರು, ಗಂಡ ರಬ್ಬರ್ ಟ್ಯಾಪಿಂಗಿಗೆ ಹೋಗುವವನು. ನಾಲ್ಕು ವರ್ಷದ ಮಗ ವಿಶುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ನಮ್ಮ ಮಾತೆಲ್ಲ ತುಳುವಿನಲ್ಲಿ. "ನನ್ನ ಗಂಡನೂ ದಿನಕ್ಕೆ ನಾಲ್ಕು ಮಾತು ಆಡುದಿಲ್ಲ ಮೈಮೂನಕ್ಕ. ಅವರನ್ನು ಯಾರೂ ಡಾಕ್ಟ್ರಲ್ಲಿಗೆ ಕರ್ಕೊಂಡು ಹೋಗ್ಲಿಲ್ಲ, ಹೆಣ್ಣೇ ಕೊಟ್ರು" ಎಂದು ಅವಳು ಹೇಳಿದ ದಿನ ನಾನು ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದು ನಕ್ಕೆ. ನಗು ನಿಂತ ಮೇಲೆ, ಅವಳ ಮಗನನ್ನು ಅಳೆಯುವುದನ್ನು ಯಾವಾಗಲೋ ಬಿಟ್ಟಿದ್ದೇನೆ ಎಂದು ಹೊಳೆಯಿತು.

ಮನೆಯಲ್ಲಿ ನಾನು ಚಿತ್ರದ ಕಾರ್ಡು ಮಾಡಿದೆ. ಗಲ್ಫಿನಿಂದ ಬಂದ ಖರ್ಜೂರದ ಪೆಟ್ಟಿಗೆ, ಹಾಲಿನ ಪುಡಿಯ ಡಬ್ಬದ ಚೀಟಿ, ಸಾಬೂನಿನ ಕಾಗದ ಎಲ್ಲ ಕತ್ತರಿಸಿ, ರಟ್ಟಿಗೆ ಅಂಟಿಸಿ, ಅಡುಗೆಮನೆಯ ಬಾಗಿಲಿಗೆ ದಾರದಲ್ಲಿ ತೂಗುಹಾಕಿದೆ. ನಸೀಮ ಬೇಕಾದ್ದನ್ನು ಎಳೆದು ತೋರಿಸುವುದು. ಮರುದಿನ ನೋಡಿದರೆ ಕಾರ್ಡುಗಳಿಲ್ಲ.

"ನಾನು ತೆಗೆದಿಟ್ಟೆ" ಎಂದರು ಮಾಮಿ. "ತಟ್ಟುದು, ತೋರಿಸುದು. ಇದು ಮೂಗರ ಬಾಸೆ. ಇದು ಅಭ್ಯಾಸ ಆದ್ರೆ ಅವಳು ಬಾಯಿ ತೆರೀಲಿಕ್ಕಿಲ್ಲ."

"ಮಾಮಿ, ಅವಳು ಖರ್ಜೂರ ಬೇಕು ಅಂತ ಹೇಳಿದ್ದನ್ನು ನಾನು ನಿನ್ನೆ ಮೊದಲ ಸಲ ಕೇಳಿದ್ದು. ಬಾಯಲ್ಲಿ ಹೇಳಿದ್ಲೋ ಕೈಯಲ್ಲಿ ಹೇಳಿದ್ಲೋ ನನಗೆ ಬೇಡ."

ಹಳೆಯ ಪೆಟ್ಟಿಗೆ ಬಿಸಾಡಿರಲಿಲ್ಲ. ಮತ್ತೆ ಕತ್ತರಿಸಿದೆ, ಮತ್ತೆ ತೂಗುಹಾಕಿದೆ. ಮಾಮಿ ನೋಡಿದರು, ಮುಟ್ಟಲಿಲ್ಲ.

ನಮ್ಮವರು ಶುಕ್ರವಾರ ಜುಮ್ಮಾ ನಮಾಜು ಕಳೆದು ಫೋನ್ ಮಾಡುವ ಕ್ರಮ. ಫೋನು ಇದ್ದದ್ದು ರಸ್ತೆಯ ಆಚೆಯ ಅಂಗಡಿಯಲ್ಲಿ. ಎಲ್ಲರೂ ಹೋಗಿ ನಿಲ್ಲುತ್ತಿದ್ದೆವು. ಕ್ಯಾಸೆಟ್ಟಿನ ಸುಳ್ಳು ಒಂದೇ ಸಲಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಅವರು ಪ್ರತಿ ವಾರ ಮಗಳಿಗೆ ಕೊಡಿ ಎನ್ನುತ್ತಿದ್ದರು, ಮಾಮಿ ರಿಸೀವರನ್ನು ರಮ್ಲಳ ಕಿವಿಗೆ ಇಡುತ್ತಿದ್ದರು, ರಮ್ಲ ನಸೀಮಳಾಗುತ್ತಿದ್ದಳು. ನಾನು ಅಂಗಡಿಯ ಸೋಪು ಪೌಡರುಗಳನ್ನು ನೋಡುತ್ತ ನಿಲ್ಲುತ್ತಿದ್ದೆ.

ಆ ಶುಕ್ರವಾರ ನಸೀಮ ನನ್ನ ಕೈ ಬಿಡಿಸಿಕೊಂಡು ಫೋನಿನ ಹತ್ತಿರ ಹೋದಳು. ತುದಿಗಾಲಲ್ಲಿ ನಿಂತು ಅಂಗಡಿಯ ಮೇಜಿನ ಮೇಲೆ ತಟ್ಟಿದಳು, ಎರಡು ಸಲ. ನನಗೂ ಬೇಕು. ಯಾರೂ ನೋಡಲಿಲ್ಲ. ಮತ್ತೆ ತಟ್ಟಿದಳು. ರಿಸೀವರು ರಮ್ಲಳ ಕಿವಿಯಲ್ಲಿತ್ತು, ಒಳಗಿನಿಂದ ಅವರ ನಗು ಸಣ್ಣಗೆ ಕೇಳುತ್ತಿತ್ತು. ನಸೀಮ ಮೂರನೆಯ ಸಲ ತಟ್ಟಲಿಲ್ಲ. ಕೈ ಕೆಳಗಿಳಿಸಿ ನನ್ನ ಹತ್ತಿರ ಬಂದು ನಿಂತಳು.

ಅವಳಿಗೆ ಮಾತು ಬಾರದ್ದು ಒಂದು ಕಷ್ಟ. ಅವಳು ಹೇಳಿದ್ದನ್ನು ಕೇಳದವರು ನಾವು. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.

ಮುಂದಿನ ಸಲ ಮೂಡಬಿದಿರೆಗೆ ಹೊರಟಾಗ ಟೇಪ್ ರೆಕಾರ್ಡರನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡೆ, ಬೀರುವಿನ ಅಡಿಯಿಂದ ಆ ಕ್ಯಾಸೆಟ್ಟನ್ನೂ ತೆಗೆದೆ.

"ಅದು ಯಾಕೆ?" ಎಂದರು ಮಾಮಿ.

"ಬಿ ಸೈಡ್ ತುಂಬಿಸ್ಲಿಕ್ಕೆ. ನಸೀಮಳ ಉಪ್ಪ ಹೇಳಿದ್ದಾರಲ್ಲ."

"ಅವನನ್ನು ಅಲ್ಲಿ ಅಳಿಸ್ಬೇಡ ಮೈಮೂನ."

"ಅಳ್ಲಿ ಮಾಮಿ. ಅವರ ಮಗಳಿಗಾಗಿ ಅಳ್ಲಿ. ರಮ್ಲಳಿಗಾಗಿ ನಗುದು ಸಾಕು."

ಮಾಮಿಗೆ ಅಷ್ಟು ಕಟುವಾಗಿ ಎದುರು ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಅವರು ಬೆನ್ನು ತಿರುಗಿಸಿ ಒಳಗೆ ಹೋದರು.

ಐರಿನ್ ಟೀಚರ್ ಬಾಗಿಲು ಮುಚ್ಚಿದರು. ಗಿರಿಜಾ ಹೊರಗಿನ ಮಕ್ಕಳನ್ನು ಸುಮ್ಮನಿರಿಸುವ ಜವಾಬ್ದಾರಿ ಹೊತ್ತಳು. ಗುಂಡಿ ಒತ್ತಿ ಹೇಳಿದೆ: "ಇದರ ಎ ಸೈಡಿನಲ್ಲಿ ಮಾತಾಡಿದ್ದು ನಮ್ಮ ಮಗಳಲ್ಲ, ರಮ್ಲ. ಫೋನಿನಲ್ಲಿಯೂ ರಮ್ಲ. ರೆಕಾರ್ಡ್ ಮಾಡಿದ್ದು ನಾನು, ತಪ್ಪು ನನ್ನದು. ನಮ್ಮ ಮಗಳಿಗೆ ಬಾಯಲ್ಲಿ ಮಾತು ಬಂದಿಲ್ಲ. ಯಾವಾಗ ಬರ್ತದೆ ಅಂತ ಯಾರಿಗೂ ಗೊತ್ತಿಲ್ಲ. ಆದ್ರೆ ಅವಳು ಹೇಳುದು ಉಂಟು. ಎರಡು ತಟ್ಟಿದ್ರೆ ಬೇಕು ಅಂತ, ಇನ್ನೂ ಬೇಕು ಅಂತ. ನಾವು ಸುಮ್ಮನೆ ನಿಂತು ಕಾಯ್ಬೇಕು, ಹತ್ತು ಎಣಿಸ್ಬೇಕು. ನೀವೂ ಎಣಿಸಿ."

ಆಮೇಲೆ ಭರಣಿ ಇಟ್ಟೆವು. ಫ್ಯಾನಿನ ಶಬ್ದ. ಕೆಳಗೆ ಹೊಲಿಗೆ ಯಂತ್ರ. ಬಸ್ಸಿನ ಹಾರ್ನು. ನಸೀಮ ಟೇಪ್ ರೆಕಾರ್ಡರಿನ ಕೆಂಪು ದೀಪ ನೋಡುತ್ತ ಕುಳಿತಳು, ನನ್ನ ಎಣಿಕೆ ಒಂಬತ್ತಾಯಿತು. ಹತ್ತೂ ಆಯಿತು. ಹನ್ನೊಂದರಲ್ಲಿ ಅವಳು ತಟ್ಟಿದಳು. ಭರಣಿಯ ಮುಚ್ಚಳವಲ್ಲ, ಟೇಪ್ ರೆಕಾರ್ಡರನ್ನು. ಟಪ್, ಟಪ್. ಅದರ ಮೈಕಿನ ಮೇಲೆಯೇ.

ಕ್ಯಾಸೆಟ್ ಹೋಯಿತು. ತಲುಪಿತು ಎಂದು ತೆಗೆದುಕೊಂಡು ಹೋದವರ ಮನೆಯಿಂದ ತಿಳಿಯಿತು. ಆ ಶುಕ್ರವಾರ ಫೋನ್ ಬರಲಿಲ್ಲ. ಮರುವಾರವೂ ಬರಲಿಲ್ಲ. ಮಾಮಿ ನನ್ನೊಡನೆ ಮಾತು ಬಿಟ್ಟರು, ಜೊಹರಾ ಗೋಡೆಗೆ ಹೇಳುವವಳ ಹಾಗೆ, "ಅಣ್ಣ ಎಂತ ಮಾಡ್ಕೊಂಡ್ರೋ" ಎನ್ನುತ್ತಿದ್ದಳು. ನನಗೆ ಹೆದರಿಕೆಯಾಗಿತ್ತು. ಅವರು ನನ್ನನ್ನು ಕ್ಷಮಿಸದಿದ್ದರೆ ಇರಲಿ, ಮಗಳನ್ನು ಬೇಡವೆಂದರೆ ಎಂಬ ಹೆದರಿಕೆ. ಬೇಡವೆಂದರೆ ಬೆಳ್ತಂಗಡಿಯ ತವರಿಗೆ ಹೋಗಿ ಟ್ಯೂಷನ್ ಹೇಳಿಯಾದರೂ ಸಾಕುತ್ತೇನೆ ಎಂದು ಹೆದರಿಕೆಯ ಒಳಗೇ ಹಟ ಮಾಡಿಕೊಂಡಿದ್ದೆ.

ಮೂರನೆಯ ವಾರ ಒಂದು ಸಂಜೆ ಮಾಮಿ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ, ಅವರ ತಾಯಿ ಹಾಡುತ್ತಿದ್ದ ಯಾವುದೋ ಹಳೆಯ ಬೈತ್ ಹಾಡನ್ನು ಗುನುಗುತ್ತಿದ್ದರು. ನಸೀಮ ಎದುರಿಗೆ ಕುಳಿತಿದ್ದಳು. ಸುಣ್ಣ ಹಚ್ಚಲು ಮಾಮಿ ಹಾಡು ನಿಲ್ಲಿಸಿದರು. ನಸೀಮ ಅವರ ಮೊಣಕಾಲಿನ ಮೇಲೆ ಎರಡು ಸಲ ತಟ್ಟಿದಳು. ಮಾಮಿಯ ಕೈ ಅಲ್ಲೇ ನಿಂತಿತು. ಮತ್ತೆ ನಾಲ್ಕು ಸಾಲು ಹಾಡಿ, ಬೇಕೆಂದೇ ನಿಲ್ಲಿಸಿದರು. ಟಪ್, ಟಪ್. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಆ ಸಂಜೆ ಮಾಮಿ ಎಷ್ಟು ಸಲ ಹಾಡಿ ನಿಲ್ಲಿಸಿದರೋ, ಎಲೆ ಬಾಯಿಗೆ ಹೋಗಲೇ ಇಲ್ಲ.

"ಮೈಮೂನ" ಎಂದು ಕರೆದರು, ಹದಿನೈದು ದಿನಗಳ ಮೇಲೆ. "ಇವಳಿಗೆ ನನ್ನ ಹಾಡು ಬೇಕಂತೆ."

"ಯಾರು ಹೇಳಿದ್ದು ಮಾಮಿ?"

"ಅವಳೇ ಹೇಳಿದ್ಲು" ಎಂದರು.

ನಾಲ್ಕನೆಯ ಶುಕ್ರವಾರ ಅಂಗಡಿಯಿಂದ ಕರೆ ಬಂತು. ರಿಸೀವರು ನಾನೇ ಎತ್ತಿದೆ. ಸಲಾಂ ಆದ ಮೇಲೆ ಅವರು, "ಇದ್ದಾಳಾ?" ಎಂದರು.

"ಯಾರು?" ಎಂದೆ. ಬೇಕೆಂದೇ ಕೇಳಿದೆ.

"ನಸೀಮ. ನನ್ನ ನಸೀಮ."

ರಮ್ಲ ರೂಢಿಯಂತೆ ಕೈ ಚಾಚಿದಳು. ಮಾಮಿ ಆ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡು, "ನಿನ್ನದಲ್ಲ ರಮ್ಲ, ಅವಳದ್ದು. ಅವಳಿಗೇ ಕೊಡು ಮೈಮೂನ" ಎಂದರು. ನಸೀಮಳನ್ನು ಮೇಜಿನ ಮೇಲೆ ಕೂರಿಸಿ ರಿಸೀವರು ಹಿಡಿದೆ. ಪಕ್ಕಕ್ಕೆ ಕಿವಿ ಇಟ್ಟರೆ ನನಗೂ ಕೇಳುತ್ತಿತ್ತು.

"ಉಪ್ಪ ಇವತ್ತು ಎಂತೆಂತ ರೊಟ್ಟಿ ಮಾಡಿದ್ದು ಗೊತ್ತುಂಟಾ? ಉದ್ದದ್ದು ಮಾಡಿದೆ. ಉರುಟಿನದ್ದು ಮಾಡಿದೆ. ಎಳ್ಳು ಹಾಕಿದ್ದು ಮಾಡಿದೆ."

ಅಲ್ಲಿಗೆ ನಿಲ್ಲಿಸಿದರು. ಲೈನು ಕಟ್ಟಾಯಿತು ಎಂದುಕೊಂಡೆ. ಆಮೇಲೆ ಅವರ ಉಸಿರು ಕೇಳಿತು. ಸಮುದ್ರದ ಆಚೆ ನಿಂತು ನನ್ನ ಗಂಡ ಹತ್ತರವರೆಗೆ ಎಣಿಸುತ್ತಿದ್ದರು. ನಾನೂ ಎಣಿಸಿದೆ. ಆರು ಎನ್ನುವಾಗ ನಸೀಮ ರಿಸೀವರಿನ ಬಾಯಿಯ ಮೇಲೆ ತಟ್ಟಿದಳು, ಎರಡು ಸಲ.

"ಮತ್ತೆ" ಎಂದರು ಅವರು, "ಮತ್ತೆ ಖರ್ಜೂರ ಇಟ್ಟದ್ದು ಮಾಡಿದೆ."

ಮೂರು ವಾರ ಯಾಕೆ ಫೋನ್ ಮಾಡಲಿಲ್ಲ ಎಂದು ನಾನು ಎಂದೂ ಕೇಳಿಲ್ಲ. ಐದು ತಿಂಗಳ ಮೇಲೆ ರಜೆಯಲ್ಲಿ ಬಂದಾಗ ಪೆಟ್ಟಿಗೆಯ ಬಟ್ಟೆಗಳ ನಡುವೆ ಆ ಕ್ಯಾಸೆಟ್ ಇತ್ತು. ತಿರುಗಿಸಿ ನೋಡಿದೆ. ಬಿ ಸೈಡಿನ ಹಲ್ಲನ್ನೂ ಮುರಿದಿದ್ದರು.

ನಾಲ್ಕು ತುಂಬುವ ಮೊದಲು ನಸೀಮಳ ಬಾಯಿಂದ ಮಾತು ಬಂತು. ಮೊದಲ ಶಬ್ದ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ನಾನು ಹೇಳುವುದಿಲ್ಲ. ಹೇಳಿದರೆ ಅದಕ್ಕಿಂತ ಮೊದಲು ಅವಳು ಹೇಳಿದ್ದೆಲ್ಲ ಲೆಕ್ಕಕ್ಕಿಲ್ಲದ ಹಾಗಾಗುತ್ತದೆ. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಎಂದೂ ನಾನು ಹೇಳುವುದಿಲ್ಲ. ಗಿರಿಜಾಳ ವಿಶುವಿಗೆ ಇವತ್ತಿಗೂ ಹತ್ತಿಪ್ಪತ್ತು ಶಬ್ದ ಮಾತ್ರ. ಅಪ್ಪನ ಜೊತೆ ರಬ್ಬರ್ ಶೀಟು ಒತ್ತುತ್ತಾನೆ, ಬೇಕು ಬೇಡ ಎಲ್ಲ ಸ್ಪಷ್ಟವಾಗಿ ತಿಳಿಸುತ್ತಾನೆ. ಅವನನ್ನು ಮೂಗ ಎಂದ ಒಬ್ಬ ಬಸ್ ಕಂಡಕ್ಟರನಿಗೆ ಗಿರಿಜಾ ಬೆಳ್ತಂಗಡಿ ಪೇಟೆಯ ನಡುವೆ ಹೇಳಿದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ನಸೀಮ ಈಗ ಒಂಬತ್ತನೆಯ ತರಗತಿ. ನಿಧಾನವಾಗಿ ಮಾತಾಡುತ್ತಾಳೆ, ಕೆಲವು ಅಕ್ಷರಗಳಲ್ಲಿ ತಡೆಯುತ್ತಾಳೆ. ಯಾರಾದರೂ ಅವಸರದಲ್ಲಿ ಅವಳ ಮಾತನ್ನು ತಾವೇ ಮುಗಿಸಿಕೊಡಲು ಬಂದರೆ ಬಾಯಿ ಮುಚ್ಚಿ, ಅವರು ನಿಲ್ಲುವವರೆಗೆ ಕಾದು, ಮೊದಲಿನಿಂದ ಶುರುಮಾಡುತ್ತಾಳೆ. ಅದು ಯಾರ ಗುಣ ಎಂದು ಮಾಮಿ ನನ್ನನ್ನು ನೋಡಿ ನಗುತ್ತಾರೆ.

ಕಳೆದ ಹಬ್ಬಕ್ಕೆ ಬೀರು ಖಾಲಿಮಾಡುವಾಗ ಆ ಕ್ಯಾಸೆಟ್ ರಮ್ಲಳ ಕೈಗೆ ಸಿಕ್ಕಿತು. ಹಳೆಯ ಟೇಪ್ ರೆಕಾರ್ಡರಿನ ಧೂಳು ಒರೆಸಿ ಹಾಕಿದರು. ನಾನು ತಡೆಯಲಿಲ್ಲ. "ಉಪ್ಪಾ, ನನಗೆ ಗೊಂಬೆ ತನ್ನಿ, ನಾನು ನಸೀಮ." ಆ ಕತೆ ಗೊತ್ತಿಲ್ಲದ ರಮ್ಲ ಕೈ ತಟ್ಟಿ ನಕ್ಕು, "ಎಷ್ಟು ಚಂದ ಮಾತಾಡ್ತಿದ್ದೆ ಮಾರಾಯ್ತಿ ನೀನು" ಎಂದಳು.

ನಸೀಮ ತಲೆ ಓರೆ ಮಾಡಿ ಕೊನೆಯವರೆಗೆ ಕೇಳಿದಳು. ನನ್ನ ಮುಖ ನೋಡಿದಳು. "ಇದು ನಾನಲ್ಲ" ಎಂದಳು.

ನಾನು ಏನಾದರೂ ಹೇಳುವ ಮೊದಲೇ ಕ್ಯಾಸೆಟ್ ತೆಗೆದು ತಿರುಗಿಸಿ ಹಾಕಿದಳು. ನನ್ನ ಎಳೆಯ ಸ್ವರ ಬಂತು, ಹೇಳಬೇಕಾದ್ದು ಹೇಳಿ ಮುಗಿಸಿತು. ತನ್ನ ಹೆಸರು ಕೇಳಿ ರಮ್ಲ ಬಾಯಿಗೆ ಕೈ ಇಟ್ಟಳು. ಆಮೇಲೆ ಫ್ಯಾನು, ಹೊಲಿಗೆ ಯಂತ್ರ, ಬಸ್ಸಿನ ಹಾರ್ನು. "ಮತ್ತೆ ಎಂತದೂ ಇಲ್ಲವಲ್ಲ" ಎಂದು ರಮ್ಲ ಗುಂಡಿಗೆ ಕೈ ಹಾಕಿದಳು. ನಸೀಮ ಆ ಕೈ ಹಿಡಿದು, "ಕಾಯ್ಬೇಕು" ಎಂದಳು.

ಟಪ್, ಟಪ್.

"ಇದು ನಾನು" ಎಂದಳು ನಸೀಮ. ಟೇಪನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಹಾಕಿದಳು.